ಮೊಳೆಗೆ ನೇತುಹಾಕಿದ ಕೀಲಿ

ಸ್ಕಾರ್ವಾಯ್ ದ್ವೀಪ
೯ ಫೆಬ್ರವರಿ ೨೦೧೯

ಮಗಳೇ ಇಂಗ್ವಿಲ್,

ನಿನ್ನ ಚಿಕ್ಕಪ್ಪ ತೊರ್ಗ್ರಿಮ್ ಗಟ್ಟಿಯಾಗಿದ್ದಾನೆ. ಮೊದಲಿಗಿಂತ ಚೆನ್ನಾಗಿ ಕಾಣುತ್ತಾನೆ ಅಂತ ಊರಲ್ಲಿ ಮಾತು. ಫೋನು ಮಾಡಬಾರದಿತ್ತಾ ಅಂತ ಕೇಳಬೇಡ. ಕಿವಿ ಮಂದವಾದ ಮೇಲೆ ನಾನು ಫೋನಿನಲ್ಲಿ ಮಾತಾಡಿದರೆ ಅದು ಸಾರ್ವಜನಿಕ ಭಾಷಣ ಆಗಿಬಿಡುತ್ತೆ. ನಾನು ಇಲ್ಲಿ ಹಲೋ ಅಂದರೆ ಅಂಗಡಿಯಿಂದ ಆಸ್ಲೌಗ್ ಉತ್ತರ ಕೊಡುತ್ತಾಳೆ. ಅದಕ್ಕೇ ಕಾಗದ.

ವಿಷಯ ಏನಪ್ಪಾ ಅಂದರೆ, ನಮ್ಮೂರ ಮೇಷ್ಟ್ರು ಹಿಂದೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಮನೆಮನೆಗೆ ಹೋಗಿ ಮುದುಕರ ಬಾಯಿಂದ ಕಡಲ ಗುರುತುಗಳನ್ನು ಹೇಳಿಸಿ ಇಟ್ಟಿದ್ದರಲ್ಲ, ಆ ಟೇಪುಗಳ ಕಥೆ. ಚರ್ಚಿನ ಗೋಪುರ ಯಾವ ಬೆಟ್ಟದ ಸೀಳಿಗೆ ಬಂದು ಕೂತಾಗ, ಅತ್ತ ಕಡೆ ಯಾವ ಬಂಡೆ ಯಾರ ಮನೆಯನ್ನು ಮುಚ್ಚಿದಾಗ ಗಾಳ ಬಿಡಬೇಕು, ಎಲ್ಲ ಅದರಲ್ಲಿದೆ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಕಟ್ಟಿಕೊಂಡ ಹೆಂಡತಿಗೂ ಹೇಳದ ಮಾತನ್ನು ಆ ಮುದುಕರು ಮೇಷ್ಟ್ರ ಯಂತ್ರಕ್ಕೆ ಹೇಳಿ ಸತ್ತರು. ಹೋದ ವರ್ಷ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಟ್ಟರು. ಇಳಿಸುವಾಗಲೇ ಎಷ್ಟೋ ಟೇಪು ಪುಡಿಪುಡಿಯಾದವು. ಈಗ ಉಳಿದಿರುವುದು ಒಂದು ಡಿಸ್ಕಿನಲ್ಲಿರುವ ನಕಲು ಮಾತ್ರ.

ಜಿಲ್ಲೆಯ ದಾಖಲೆ ಕಚೇರಿಯವರು ಹೇಳುತ್ತಾರೆ, ಜೂನ್ ತಿಂಗಳ ನಡುಬೇಸಿಗೆ ಹಬ್ಬದ ಒಳಗೆ ದ್ವೀಪದಲ್ಲೇ ಸರಿಯಾದ ಡಿಜಿಟಲ್ ಉಗ್ರಾಣ ಮಾಡಿ ತೋರಿಸಿ, ಇಲ್ಲದಿದ್ದರೆ ಎಲ್ಲವನ್ನೂ ನಮ್ಮ ನೆಲಮಾಳಿಗೆಗೆ ಒಯ್ಯುತ್ತೇವೆ. ಒಯ್ದರೆ ಕಥೆ ಮುಗಿಯಿತು. ಆಸ್ಲೌಗ್ ತನ್ನ ಅಪ್ಪನ ದನಿ ಕೇಳಬೇಕಾದರೆ ಹಡಗು ಹತ್ತಿ, ಬಸ್ಸು ಹತ್ತಿ, ಅಲ್ಲಿ ಚೀಟಿ ಬರೆದುಕೊಟ್ಟು ಕೂರಬೇಕು.

ಊರಸಭೆಯಲ್ಲಿ ಎಲ್ಲರೂ ಕಾಫಿ ಬಟ್ಟಲಿನ ತಳ ನೋಡುತ್ತಾ ಕೂತಿದ್ದರು. ನಾನು ಎದ್ದು ನಿಂತೆ. "ನಾನು ಮಾಡ್ತೀನಿ" ಅಂದೆ. "ನಮ್ಮಣ್ಣನ ಮಗಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇದನ್ನೇ ಮಾಡೋದು. ನಾಲ್ಕು ಸಾಲು ಬರೆದು ಕಳಿಸಿದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ."

ಹಾಲ್ವಾರ್ ಕೂತಲ್ಲಿಂದಲೇ, "ತೊರ್ಗ್ರಿಮ್, ನೀನು ಟೀವಿಗೆ ಚಾನೆಲ್ ಹಾಕಕ್ಕೆ ನನ್ನ ಕರೀತೀಯಲ್ಲೋ" ಅಂದ. ಪಕ್ಕದ ಮನೆಯವನು, ಜೊತೆಗೆ ಓದಿದವನು, ಆದ್ದರಿಂದ ಹೊಡೆಯಲಿಲ್ಲ.

ಮೀನು ಕಾರ್ಖಾನೆಯವರು ಬಿಸಾಕಿದ ಒಂದು ಸರ್ವರ್ ಯಂತ್ರ ತಂದು, ಸಭೆ ನಡೆದ ಊರಮನೆಯಲ್ಲೇ ಅಡುಗೆಕೋಣೆಯ ಪಕ್ಕ ಇಟ್ಟಿದ್ದೇನೆ. ಆ ನಾಲ್ಕು ಸಾಲು ಬೇಗ ಕಳಿಸು. ಉಗ್ರಾಣದ ಮೊದಲ ಪುಟದಲ್ಲಿ "ಸ್ಥಾಪಕ: ತೊರ್ಗ್ರಿಮ್" ಅಂತ ಹಾಕಲು ಜಾಗ ಇದೆಯಾ ಅನ್ನುವುದನ್ನೂ ತಿಳಿಸು. ಅಕ್ಷರ ದಪ್ಪಗಿರಲಿ.

ನಿನ್ನ ಚಿಕ್ಕಪ್ಪ


ತ್ರೋಮ್ಸೊ
೧೮ ಫೆಬ್ರವರಿ

ಪ್ರೀತಿಯ ಚಿಕ್ಕಪ್ಪ,

ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸ ಅಲ್ಲ ಅದು. ಜೊತೆಯಲ್ಲಿರುವ ಹಾಳೆಗಳಲ್ಲಿ ಆಜ್ಞೆಗಳನ್ನು ಒಂದರ ಕೆಳಗೊಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಬರೆದ ಹಾಗೇ ಒತ್ತು. ನಿನ್ನ ಸ್ವಂತ ಬುದ್ಧಿ ಸೇರಿಸಬೇಡ.

ಉಗ್ರಾಣ ಅಂದೆಯಲ್ಲ, ಹಾಗೇ ಅಂದುಕೋ. ಲಿನಕ್ಸ್ ಅನ್ನುವುದು ಅದರ ನೆಲ. ನೆಲದ ಮೇಲೆ ಒಬ್ಬ ಗುಮಾಸ್ತ ಕೂರುತ್ತಾನೆ, ಯಾವ ಸಾಮಾನು ಎಲ್ಲಿದೆ ಅಂತ ಬರೆದಿಡುತ್ತಾನೆ. ಇನ್ನೊಬ್ಬ ಹುಡುಕುವವನು, ಕೇಳಿದ್ದನ್ನು ತಕ್ಷಣ ತೆಗೆದುಕೊಡುತ್ತಾನೆ. ಮೂರನೆಯವನು ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಾನೆ. ಈ ಮೂವರನ್ನೂ ಅವರವರ ಜಾಗದಲ್ಲಿ ಕೂರಿಸಿದ ಮೇಲೆ ಉಗ್ರಾಣದ ತಂತ್ರಾಂಶ ಹಾಕುವುದು.

ಮೂರು ಮಾತು ಮರೆಯಬೇಡ. ಯಂತ್ರಕ್ಕೆ ಚಿತ್ರ, ಮೌಸ್ ಇವೆಲ್ಲ ಹಾಕಬೇಡ, ಬರೀ ಅಕ್ಷರ ಸಾಕು. ನಕಲು ತೆಗೆಯುವುದಕ್ಕೆ ಬೇರೆ ಡಿಸ್ಕ್ ಯಾವಾಗಲೂ ಸಿಕ್ಕಿಸಿಯೇ ಇರಲಿ. ಯಜಮಾನನ ಗುಪ್ತಪದ ಅಂತ ಒಂದು ಇರುತ್ತೆ, ಅದು ಗೊತ್ತಿದ್ದವರು ಯಂತ್ರದಲ್ಲಿ ಏನು ಬೇಕಾದರೂ ಮಾಡಬಹುದು. ಅದು ನಿನ್ನ ತಲೆಯಲ್ಲಿ ಮಾತ್ರ ಇರಲಿ.

ಇನ್ನೊಂದು ವಿಷಯ. ಅಜ್ಜನ ಟೇಪಿನ ಡಬ್ಬಿಯ ಮೇಲೆ ಮೇಷ್ಟ್ರು ಬರೆದದ್ದು ನೆನಪಿದೆಯಲ್ಲ? "ಈತನ ಮಕ್ಕಳಲ್ಲಿ ಕೊನೆಯವನು ದೋಣಿಯನ್ನು ದಡಕ್ಕೆ ಎಳೆಯುವ ತನಕ ಕೇಳಿಸಬಾರದು." ಅಂದರೆ ಅವನು ಮೀನು ಹಿಡಿಯುವುದನ್ನೇ ಬಿಡುವ ತನಕ. ಉಗ್ರಾಣದಲ್ಲಿ ಒಂದನ್ನು ಮುಚ್ಚಿಡಬಹುದು, ಆದರೆ ಮುಚ್ಚಿದ್ದಕ್ಕೆ ತೆರೆಯುವ ತಾರೀಕು ಕೊಡಲೇಬೇಕು, ಜಿಲ್ಲೆಯವರ ನಿಯಮ. ಅಪ್ಪ ಎಂದೋ ದೋಣಿ ಬಿಟ್ಟು ರೈಲ್ವೆ ಸೇರಿದರು. ಉಳಿದವನು ನೀನು. ಯಾವ ತಾರೀಕು ಹಾಕಲಿ ಹೇಳು. ಉಳಿದವರ ಟೇಪುಗಳಿಗೆಲ್ಲ ಮನೆಯವರು ಒಪ್ಪಿಗೆ ಕೊಟ್ಟಾಗಿದೆ.

ದಪ್ಪ ಅಕ್ಷರಕ್ಕೆ ಜಾಗ ಇಲ್ಲ.

ಇಂಗ್ವಿಲ್


ಸ್ಕಾರ್ವಾಯ್
೧೧ ಮಾರ್ಚ್

ಮಗಳೇ,

ಆಯ್ತು! ನಿಂತಿತು! ಉಗ್ರಾಣ ಎದ್ದು ನಿಂತಿತು! ಮೂರು ಜನವೂ ಕೂತಿದ್ದಾರೆ. ಬಾಗಿಲಿನವನು "ಸ್ವಾಗತ" ಅಂತ ಪರದೆಯ ಮೇಲೆ ಬರೆದ. ನಾನೂ ಟೋಪಿ ತೆಗೆದು ನಮಸ್ಕಾರ ಮಾಡಿದೆ.

ಸಲೀಸಾಗಿ ಆಯಿತು ಅಂತ ಬರೆಯೋಣ ಅಂತಿದ್ದೆ. ಆದರೆ ಕಷ್ಟ ಹೇಳದಿದ್ದರೆ ನನ್ನ ದೊಡ್ಡಸ್ತಿಕೆ ನಿನಗೆ ಹೇಗೆ ತಿಳಿಯಬೇಕು? ನೀನು ಹಾಳೆಯಲ್ಲಿ ಎಂಟನೆಯ ಜಾವಾ ಹಾಕು ಅಂದಿದ್ದೆ. ಹನ್ನೊಂದನೆಯದು ಎದುರಿಗೇ ಹೊಳೀತಾ ಕೂತಿತ್ತು. ಹೊಸದು ಇರುವಾಗ ಹಳೆಯದು ಯಾಕೆ, ಹುಡುಗಿ ಜಿಪುಣಿ ಅಂದುಕೊಂಡು ಹೊಸದನ್ನೇ ಹಾಕಿದೆ. ಕಟ್ಟುವ ಆಜ್ಞೆ ಒತ್ತಿದೆ ನೋಡು, ಪರದೆಯ ತುಂಬ ಬೈಗುಳ! ನಿಲ್ಲಲೇ ಇಲ್ಲ. ಜಾತ್ರೆಯಲ್ಲಿ ಜಗಳ ಆಡುವವರ ಹಾಗೆ ಒಂದರ ಮೇಲೊಂದು. ನಾನು ಕೊನೆಯ ಸಾಲು ಓದಿ ಓದಿ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಗಾಳದ ಹಗ್ಗ ಸಿಕ್ಕಾದಾಗ ಕೊನೆಯ ಗಂಟು ಹಿಡಿದು ಎಳೆದರೆ ಬಿಗಿಯಾಗುತ್ತೆ ಅಷ್ಟೆ, ಮೊದಲ ಗಂಟು ಹುಡುಕಬೇಕು. ಮೇಲಕ್ಕೆ ಹೋದೆ, ಮೇಲಕ್ಕೆ ಹೋದೆ, ಅಲ್ಲಿ ಒಂದು ಸಾಲಿನಲ್ಲಿ ಪಾಪ ಅದು ಮರ್ಯಾದೆಯಿಂದಲೇ ಹೇಳಿತ್ತು, ನನಗೆ ಈ ಜಾವಾ ಒಗ್ಗುವುದಿಲ್ಲ ಅಂತ. ಹಳೆಯದನ್ನು ಹಾಕಿದೆ. ಕೂಡಲೇ ಸಾಲು ಸಾಲು ಕೆಲಸ ಶುರುವಾಯಿತು. ಮುಗಿದಾಗ "ಕಟ್ಟಿದ್ದು ಯಶಸ್ವಿ" ಅಂತ ಬಂತು. ನನ್ನ ಮದುವೆಯ ದಿನವೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಮಾರಾಯ್ತಿ, ಇದನ್ನು ಮಾಡಿದವರು ಯಾರು? ಎಂಥಾ ಜನ! ಉಗ್ರಾಣಕ್ಕೆ ಅಂತಲೇ ಒಬ್ಬ ಆಳನ್ನು ಇಟ್ಟಿದ್ದಾರೆ, ಅವನು ತನ್ನ ಕೋಣೆ ಬಿಟ್ಟು ಇನ್ನೊಂದು ಕಡೆ ಕೈಹಾಕುವ ಹಾಗಿಲ್ಲ. ಒಂದು ದನಿ ಒಳಗೆ ಇಟ್ಟರೆ ಅದು ಯಾರದು, ಯಾವಾಗಿನದು, ಯಾರು ಕೊಟ್ಟರು ಅಂತ ಕೇಳಿಯೇ ತೆಗೆದುಕೊಳ್ಳುತ್ತೆ. ನಮ್ಮೂರ ಪಾದ್ರಿಗೂ ಇಷ್ಟು ಶಿಸ್ತಿಲ್ಲ. ದುಡ್ಡು ಕೇಳಲೇ ಇಲ್ಲವಲ್ಲ, ಮರೆತರಾ? ಅವರ ವಿಳಾಸ ಕೊಡು. ಒಂದು ಮೂಟೆ ಒಣಮೀನು ಕಳಿಸುತ್ತೇನೆ.

ನಿನ್ನ ಹಾಳೆಯಲ್ಲೂ ಒಂದು ಮೆಟ್ಟಿಲು ಬಿಟ್ಟುಹೋಗಿತ್ತು. ಹುಡುಕುವವನ ಕೋಣೆಯ ಕೀಲಿಯನ್ನು ಆ ಆಳಿನ ಕೈಗೆ ಕೊಡುವುದು ಎಲ್ಲೂ ಬರೆದಿಲ್ಲ. ನಾನೇ ಕಂಡುಹಿಡಿದು ಕೊಟ್ಟೆ. ವಿಶ್ವವಿದ್ಯಾಲಯಕ್ಕೆ ಹೇಳು.

ಚಿತ್ರ, ಮೌಸ್ ಹಾಕಿದ್ದೇನೆ. ಕಿಟಕಿ ಇಲ್ಲದ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತೆ.

ಇಡೀ ವಾರ ಬೆಳಗಿನಿಂದ ಸಂಜೆ ತನಕ ಇದರ ಮುಂದೆಯೇ. ದೋಣಿಯ ಇಂಜಿನ್ ಬಿಚ್ಚಿಟ್ಟಿದ್ದೇನೆ, ದೋಣಿಮನೆಗೆ ಬೀಗ ಹಾಕಿದೆ. ಹಾಲ್ವಾರ್ ನಾನು ನೋಡ್ತೀನಿ ಕೊಡು ಅಂದ. ನೀನು ಚಾನೆಲ್ ನೋಡಿಕೋ ಅಂದೆ.

ಸ್ಥಾಪಕ ತೊರ್ಗ್ರಿಮ್


ತ್ರೋಮ್ಸೊ
೧೯ ಮಾರ್ಚ್

ಚಿಕ್ಕಪ್ಪ,

ಇಲ್ಲಿ ನನ್ನ ಮೇಜಿನ ಸುತ್ತ ಜನ ಸೇರಿ ನಿನ್ನ ಪತ್ರ ಓದಿದೆವು. ಮೊದಲ ಗಂಟು ಹುಡುಕುವ ವಿದ್ಯೆ ನನಗೆ ಬರಲು ಎಷ್ಟೋ ವರ್ಷ ಹಿಡಿದಿತ್ತು. ನೀನು ಕಂಡುಹಿಡಿದ ಮೆಟ್ಟಿಲು ನನ್ನ ಹಾಳೆಯಲ್ಲಿ ಮಾತ್ರ ಅಲ್ಲ, ತಂತ್ರಾಂಶ ಮಾಡಿದವರ ಹಾಳೆಯಲ್ಲೂ ಬಿಟ್ಟುಹೋಗಿತ್ತು. ನಿನ್ನ ಹೆಸರಿನಲ್ಲಿ ಅವರಿಗೆ ಬರೆದಿದ್ದೇನೆ.

ಒಣಮೀನು ಕಳಿಸಲು ಒಂದು ವಿಳಾಸ ಅಂತ ಇಲ್ಲ. ಅದನ್ನು ಮಾಡಿದವರು ಯಾವ ಯಾವುದೋ ದೇಶದಲ್ಲಿದ್ದಾರೆ, ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ತಮಗೆ ಬೇಕಾದಷ್ಟು ತಾವು ಮಾಡಿ, ಮಿಕ್ಕವರಿಗೂ ಇರಲಿ ಅಂತ ಬಿಟ್ಟಿದ್ದಾರೆ.

ಈಗ ತಾರೀಕು. ನಾನು ಕೇಳಿದ್ದಕ್ಕೆ ನೀನು ಜಾವಾ ಕಥೆ ಹೇಳಿದೆ, ಪಾದ್ರಿಯನ್ನು ಬೈದೆ, ತಾರೀಕು ಮಾತ್ರ ಹೇಳಲಿಲ್ಲ. ಅದೊಂದು ಖಾಲಿ ಇದ್ದರೆ ಜಿಲ್ಲೆಯವರು ಇಡೀ ಉಗ್ರಾಣವನ್ನೇ ಒಪ್ಪುವುದಿಲ್ಲ, ಎಲ್ಲರ ಟೇಪೂ ಹೋಗುತ್ತೆ. ನೀನು ಗುರುತನ್ನು ಹಾಲ್ವಾರನಿಗೆ ಬಿಟ್ಟುಕೊಡಲು ಮನಸ್ಸಿಲ್ಲದೆ ಹೀಗೆ ಮಾಡುತ್ತಿದ್ದರೆ, ಚಿಕ್ಕಪ್ಪ, ಅದು ಸಣ್ಣತನ. ಒಬ್ಬನ ಹಾಲಿಬಟ್ ಮೀನಿಗೋಸ್ಕರ ಊರಿನ ದನಿಯೆಲ್ಲ ನೆಲಮಾಳಿಗೆಗೆ ಹೋಗಬೇಕಾ?

ಇಂಗ್ವಿಲ್


ಸ್ಕಾರ್ವಾಯ್
೨೪ ಏಪ್ರಿಲ್

ಇಂಗ್ವಿಲ್,

ಕಾಗದ ಬಂತು. ಹಡಗು ಸರಿಯಾಗಿ ಬರುತ್ತಿರಲಿಲ್ಲ, ಈಸ್ಟರ್ ಬಂತು, ಅದಕ್ಕೇ ತಡ. ಸಣ್ಣತನದ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಕೆಲಸದ ವಿಷಯ. ಟೇಪುಗಳೆಲ್ಲ ಒಳಗೆ ಹೋದವು. ಎರಡೆರಡು ಕಡೆ ಯಾಕೆ ಅಂತ ಹಳೆಯ ಡಿಸ್ಕನ್ನು ಖಾಲಿ ಮಾಡಿ ಅದನ್ನೇ ನಕಲಿನ ಡಿಸ್ಕ್ ಮಾಡಿಕೊಂಡೆ.

ಮೊನ್ನೆ ಮುಯ್ಯಾಳು ಕರೆದೆ. ಇನ್ನೇನು, ವಸಂತದಲ್ಲಿ ದೋಣಿಕಟ್ಟೆ ತೊಳೆಯಲು ಎಲ್ಲರೂ ಬರುವುದಿಲ್ಲವಾ, ಹಾಗೇ ಉಗ್ರಾಣಕ್ಕೂ ಬನ್ನಿ ಅಂದೆ. ಮುಖ ನೋಡದ ಜನ ದೇಶದೇಶದಿಂದ ಸೇರಿ ಮಾಡಿದ್ದಾರೆ ಅಂತ ನೀನೇ ಬರೆದೆಯಲ್ಲ, ಅದು ಮುಯ್ಯಾಳಲ್ಲದೆ ಇನ್ನೇನು? ಹೊರಗಿನವರು ಅಷ್ಟು ಮಾಡಿದ ಮೇಲೆ ನಾವು ಕೈಕಟ್ಟಿ ಕೂರುವುದಾ? ಯಜಮಾನನ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಊರಮನೆಯ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದೆ, ಊರಮನೆಯ ಕೀಲಿ ಇದ್ದ ಕಡೆ. ನಮ್ಮೂರಲ್ಲಿ ಕೀಲಿ ಇರುವುದು ಅಲ್ಲೇ. ಬಂದವರು ತೆಗೆದುಕೊಂಡು ಕೆಲಸ ಮಾಡಿ ಮತ್ತೆ ಸಿಕ್ಕಿಸಿ ಹೋದರು.

ಎಂಥಾ ಕೆಲಸ ಅಂತೀಯ! ಕಡತಗಳಿಗೆಲ್ಲ ಆ ಯಂತ್ರ ಗೊತ್ತುಗುರಿಯಿಲ್ಲದ ಉದ್ದುದ್ದ ಅಂಕಿಗಳನ್ನು ಹೆಸರಾಗಿ ಇಟ್ಟಿತ್ತು. ಮನುಷ್ಯರ ದನಿಗೆ ಕೈದಿಗಳ ಹಾಗೆ ನಂಬರು! ಆಸ್ಲೌಗ್‌ಗೆ ಸಹಿಸಲಾಗಲಿಲ್ಲ. "ಇದೇನ್ರೀ ಇದು, ನಮ್ಮಪ್ಪಂಗೆ ಹೆಸರಿಲ್ವಾ?" ಅಂದಳು. ಎಲ್ಲರೂ ಕೂತು ಒಂದೊಂದನ್ನೇ ಹಾಕಿ ಕೇಳಿ, ಅಂಕಿ ಅಳಿಸಿ, ಸರಿಯಾದ ಹೆಸರು ಇಟ್ಟರು. ಹಿಟ್ಟು ಕಲಸಿ ವಾಫಲ್ ಸುಟ್ಟುಕೊಟ್ಟೆ, ಕಂದು ಚೀಸೂ ಖಾಲಿ ಆಯಿತು. ಕೆಲಸ ಮುಗಿಯುವ ತನಕ ಯಾರೂ ಮನೆಗೆ ಹೋಗಲಿಲ್ಲ. ನಾನು ವಾಫಲ್ ಉಸ್ತುವಾರಿ.

ಅವತ್ತಿನಿಂದ ಉಗ್ರಾಣದಲ್ಲಿ ಯಾವುದನ್ನು ಒತ್ತಿದರೂ ದನಿ ಬರುತ್ತಿಲ್ಲ. ದಣಿದಿರಬೇಕು. ಎರಡು ದಿನ ಸುಮ್ಮನೆ ಬಿಟ್ಟಿದ್ದೇನೆ.

ತೊರ್ಗ್ರಿಮ್


ತ್ರೋಮ್ಸೊ
೩೦ ಏಪ್ರಿಲ್

ಚಿಕ್ಕಪ್ಪ,

ಏನನ್ನೂ ಮುಟ್ಟಬೇಡ. ಯಾರನ್ನೂ ಮುಟ್ಟಲು ಬಿಡಬೇಡ. ಮೊಳೆಯ ಮೇಲಿನ ಚೀಟಿ ತೆಗೆದು ಒಲೆಗೆ ಹಾಕು.

ಆ ಅಂಕಿಗಳು ಗುಮಾಸ್ತ ಇಟ್ಟ ಗುರುತು. ಯಾವ ದನಿ ಎಲ್ಲಿದೆ ಅಂತ ಅವನಿಗೆ ಗೊತ್ತಾಗುವುದು ಅದರಿಂದ ಮಾತ್ರ. ಈಗ ಅವನ ಪುಸ್ತಕದಲ್ಲಿ ಒಂದು ಹೆಸರು, ಉಗ್ರಾಣದಲ್ಲಿ ಇನ್ನೊಂದು ಹೆಸರು. ನಕಲಿನ ಡಿಸ್ಕಿನಲ್ಲಿ ಮುಯ್ಯಾಳಿನ ಹಿಂದಿನ ದಿನದ್ದು ಇರಬೇಕು, ಅದು ಇದೆಯಾ ಅಂತ ನೋಡಿ ತಕ್ಷಣ ತಿಳಿಸು.

ಇಂಗ್ವಿಲ್


ಸ್ಕಾರ್ವಾಯ್
೬ ಮೇ

ಮಗಳೇ,

ನೋಡಿದೆ. ನಕಲಿನ ಡಿಸ್ಕಿನಲ್ಲಿ ಏನೂ ಇಲ್ಲ. ಅದನ್ನು ಖಾಲಿ ಮಾಡಿದ ದಿನವೇ, ಮೊದಲ ನಕಲು ಆಗುವ ಮುಂಚೆ, ಅದರ ತಂತಿ ತೆಗೆದು ಆ ಜಾಗಕ್ಕೆ ವಾಫಲ್ ಯಂತ್ರದ ತಂತಿ ಸಿಕ್ಕಿಸಿದ್ದೆ. ಅಡುಗೆಕೋಣೆಯಲ್ಲಿ ಕಾಫಿ ಯಂತ್ರ ಇತ್ತು, ಎರಡೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತೆ. ಹಾಕಿದ್ದು ಮತ್ತೆ ತೆಗೆಯಲೇ ಇಲ್ಲ, ಜನ ಆಮೇಲೂ ವಾಫಲ್ ಕೇಳುತ್ತಿದ್ದರು.

ಊರಿನವರಿಗೆ ಹೇಳಿಲ್ಲ. ಆಸ್ಲೌಗ್ ದಿನಾ ಕೇಳುತ್ತಾಳೆ, "ನಮ್ಮಪ್ಪ ಯಾವಾಗ ಮಾತಾಡ್ತಾನೆ ತೊರ್ಗ್ರಿಮ್?" ಅಂತ. ಕಡಲಾಚೆಯಿಂದ ಒಂದು ಬಿಡಿಭಾಗ ಬರಬೇಕು ಅಂತ ಹೇಳಿದ್ದೇನೆ.

ಚೀಟಿ ಒಲೆಗೆ ಹಾಕಿದೆ. ಮೊಳೆ ಬರಿದಾಗಿದೆ, ಬಂದವರೆಲ್ಲ ಅದನ್ನೇ ನೋಡುತ್ತಾರೆ. ಊರಮನೆಯ ಕೀಲಿಯನ್ನೂ ನಾನೇ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ, ಕಳ್ಳನ ಹಾಗೆ.

ನಿನಗೆ ಸರಿಮಾಡಲು ಆಗುತ್ತಾ? ಆಗುವುದಿಲ್ಲ ಅಂದರೆ ಮೊದಲು ನನಗೊಬ್ಬನಿಗೆ ಹೇಳು.

ಚಿಕ್ಕಪ್ಪ


ತ್ರೋಮ್ಸೊ
೧೭ ಮೇ

ಪ್ರೀತಿಯ ಚಿಕ್ಕಪ್ಪ,

ಹೊರಗೆ ರಾಷ್ಟ್ರದಿನದ ಮೆರವಣಿಗೆ ಹೋಗುತ್ತಿದೆ, ನಾನು ಕಿಟಕಿ ಮುಚ್ಚಿ ನಿನಗೆ ಬರೆಯುತ್ತಿದ್ದೇನೆ. ಸರಿಯಾಯಿತು. ಎಲ್ಲವೂ ಸಿಕ್ಕಿತು. ಹೋಗಿ ಆಸ್ಲೌಗ್‌ಗೆ ಅವಳಪ್ಪನ ದನಿ ಕೇಳಿಸು, ಆಮೇಲೆ ಇದನ್ನು ಓದು.

ಹೇಗಾಯಿತು ಅಂತ ಹೇಳುತ್ತೇನೆ. ನೀನು ಕೊಟ್ಟ ಗುಪ್ತಪದ ಹಾಕಿ ಇಲ್ಲಿಂದಲೇ ನಿನ್ನ ಯಂತ್ರದೊಳಗೆ ಹೋಗಿ ಗುಮಾಸ್ತನ ಪುಸ್ತಕ ತೆಗೆದೆ. ಆ ತಂತ್ರಾಂಶ ಬರೆದವರು ಎಂಥವರು ಅಂದರೆ, ಪ್ರತಿಯೊಂದು ಕಡತ ಒಳಗೆ ಬರುವಾಗಲೇ ಅದರ ಬೆರಳಚ್ಚು ತೆಗೆದಿಡುವ ಹಾಗೆ ಮಾಡಿದ್ದಾರೆ. ಹೆಸರು ಬದಲಾದರೂ ಬೆರಳಚ್ಚು ಬದಲಾಗುವುದಿಲ್ಲ. ಊರಿನವರು ಹೆಸರಿಟ್ಟ ಒಂದೊಂದರ ಬೆರಳಚ್ಚನ್ನೂ ಹೊಸದಾಗಿ ತೆಗೆಸಿ, ಗುಮಾಸ್ತನ ಪುಸ್ತಕದ್ದಕ್ಕೆ ಹೊಂದಿಸಿ ನೋಡುವ ಒಂದು ಸಣ್ಣ ಆಜ್ಞೆ ಬರೆದೆ. ಒಂದೂ ತಪ್ಪದೆ ಹೊಂದಿಕೊಂಡವು. ಯಾವುದೋ ದೇಶದಲ್ಲಿ ಕೂತ ಯಾರೋ ಒಬ್ಬರು, ಎಂದೋ ಒಂದು ದಿನ ಸ್ಕಾರ್ವಾಯ್‌ನಲ್ಲಿ ವಾಫಲ್ ತಿನ್ನುತ್ತಾ ಇಂಥ ಕೆಲಸ ಮಾಡುತ್ತಾರೆ ಅಂತ ಮೊದಲೇ ಊಹಿಸಿದ ಹಾಗಿದೆ.

ಹಳೆಯ ಅಂಕಿಗಳನ್ನು ವಾಪಸ್ ಇಡುವ ಮೊದಲು ಊರಿನವರು ಇಟ್ಟ ಹೆಸರುಗಳನ್ನು ಓದಿದೆ. ಒಂದನ್ನೂ ಅಳಿಸಲು ಮನಸ್ಸು ಬರಲಿಲ್ಲ ಚಿಕ್ಕಪ್ಪ. "ಎಲಿಯಾಸ್, ಹಲ್ಲು ಕೀಳಿಸಿದ ವಾರ." "ಹಿಂದೆ ಕೂಗುವ ಕೆಟಲ್‌ನಿಂದ ಗೊತ್ತಾಯಿತು, ಇದು ಮಾರೆನ್ ಅಡುಗೆಮನೆ." "ನಡುವೆ ಬೊಗಳುವುದು ನಮ್ಮ ನಾಯಿ." "ಈತ ಸುಳ್ಳು ಹೇಳುತ್ತಿದ್ದಾನೆ, ಗುರುತು ಇದಲ್ಲ." ನಮ್ಮ ಗ್ರಂಥಾಲಯದಲ್ಲಿ ಎಷ್ಟು ಓದಿದವರು ಕೂತರೂ ಇಂಥ ವಿವರ ಬರೆಯಲು ಆಗುತ್ತಿರಲಿಲ್ಲ. ಅವನ್ನೆಲ್ಲ ಹಾಗೇ ಶೀರ್ಷಿಕೆಯ ಜಾಗದಲ್ಲಿ ಇಟ್ಟಿದ್ದೇನೆ. ಈಗ ಯಾರಾದರೂ "ಕೆಟಲ್" ಅಂತ ಹುಡುಕಿದರೂ ಸಿಗುತ್ತೆ.

ಇನ್ನೊಂದು ಹೆಸರು ಇತ್ತು. ಯಜಮಾನನ ಗುಪ್ತಪದ ಕೈಯಲ್ಲಿತ್ತಲ್ಲ, ಅವರಿಗೆ ಮುಚ್ಚಿದ್ದು ಅಂತ ಒಂದೂ ಇರಲಿಲ್ಲ, ಯಾವುದನ್ನು ಒತ್ತಿದರೂ ದನಿ ಕೇಳಿಸುತ್ತಿತ್ತು. ಅಜ್ಜನದಕ್ಕೆ ಅವರು ಇಟ್ಟ ಹೆಸರು ಇದು: "ತೊರ್ಗ್ರಿಮನ ಅಪ್ಪ. ದನಿ ಗೊತ್ತಾದ ಕೂಡಲೇ ನಿಲ್ಲಿಸಿದೆವು."

ನಿನಗೆ ಸಣ್ಣತನ ಅಂದೆ. ಆಮೇಲೆ ನಿನ್ನ ಮಾರ್ಚ್ ತಿಂಗಳ ಪತ್ರ ಮತ್ತೆ ತೆಗೆದು ಓದಿದೆ. ಕಾಡ್ ಮೀನು ದಂಡಿಯಾಗಿ ಬರುವ ಮಾರ್ಚಿನಲ್ಲಿ, ಹಗಲೆಲ್ಲ ಒಳಗೆ ಕೂತಿದ್ದೆ ಅಂತ ಬರೆದಿದ್ದೀಯ. ಕೀಲಿಯನ್ನು ಮೊಳೆಗೆ ನೇತುಹಾಕುವ ನಮ್ಮೂರಲ್ಲಿ ದೋಣಿಮನೆಗೆ ಬೀಗ ಅಂತ ಬರೆದಿದ್ದೀಯ. ಅದು ನನಗೆ ಅವತ್ತೇ ಹೊಳೆಯಬೇಕಿತ್ತು. ತಾರೀಕು ಇನ್ನು ಕೇಳುವುದಿಲ್ಲ. ನಿನಗೆ ಬೇಕಾದಾಗ ನೀನೇ ಹಾಕು, ಯಾವ ಜಾಗದಲ್ಲಿ ಅಂತ ಹಾಳೆಯಲ್ಲಿ ಬರೆದಿದ್ದೇನೆ.

ಇಂಗ್ವಿಲ್


ಸ್ಕಾರ್ವಾಯ್
೩ ಜೂನ್

ಮಗಳೇ,

ಆಸ್ಲೌಗ್ ಅಂಗಡಿ ಮುಚ್ಚಿ ಬಂದು ಕೇಳಿದಳು. ಅವಳಪ್ಪ ಗುರುತು ಹೇಳುವ ಮೊದಲು ಕೆಮ್ಮುತ್ತಾನೆ ನೋಡು, ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡಳು. "ಬಿಡಿಭಾಗ ಚೆನ್ನಾಗಿದೆ ತೊರ್ಗ್ರಿಮ್" ಅಂದಳು.

ನಿನಗೆ ಒಬ್ಬಳಿಗೇ ಬರೆಯುವುದು. ಹೋದ ಶರತ್ಕಾಲದಲ್ಲಿ ಅಪ್ಪನ ತಾಣಕ್ಕೆ ಹೋದೆ. ಗೋಪುರ ಎರಡಾಗಿ ಕಂಡಿತು. ಬೆಟ್ಟದ ಸೀಳು ಕಾಣಲೇ ಇಲ್ಲ. ಮಂಜು ಅಂದುಕೊಂಡೆ, ಆದರೆ ಆಕಾಶ ತೊಳೆದ ಗಾಜಿನ ಹಾಗಿತ್ತು. ನನಗೆ ಹತ್ತಿರದ್ದು ಕಾಣುತ್ತೆ, ನಿನ್ನ ದೊಡ್ಡ ಅಕ್ಷರ ಕಾಣುತ್ತೆ, ದೂರದ್ದು ಹೋಯಿತು. ಸಂಜೆ ತನಕ ನೀರಿನ ಮೇಲೆ ಸುತ್ತಿ ಬರಿಗೈಲಿ ಬಂದೆ. ಎದುರಿಗೇ ಇದ್ದದ್ದು ಸಿಗಲಿಲ್ಲ. ಗುರುತು ಬಾಯಿಪಾಠ ಇದೆ, ನೋಡಲು ಕಣ್ಣಿಲ್ಲ.

ಇಂಜಿನ್‌ಗೆ ಏನೂ ಆಗಿಲ್ಲ. ಊರಿಗೆಲ್ಲ ರಿಪೇರಿ ಅಂತ ಹೇಳಿಕೊಂಡು ಬಂದೆ. ತಾರೀಕು ಹಾಕಿದರೆ ತೊರ್ಗ್ರಿಮ್ ದೋಣಿ ಎಳೆದ ಅಂತ ಜಗತ್ತಿಗೆಲ್ಲ ಪರದೆಯ ಮೇಲೆ ಕಾಣುತ್ತೆ. ಮೀನು ಹಿಡಿಯದ ತೊರ್ಗ್ರಿಮ್ ಅಂದರೆ ಯಾರು? ನನಗೇ ಅವನ ಪರಿಚಯ ಇಲ್ಲ. ಅದಕ್ಕೇ ಆ ಯಂತ್ರದ ಮುಂದೆ ಕೂತೆ. ಅಲ್ಲಿ ಏನಾದರೊಂದು ನಾನು ಒತ್ತಿದ ಹಾಗೆ ನಡೆಯುತ್ತಿತ್ತು.

ಆ ಹೆಸರನ್ನು ದಿನಾ ತೆಗೆದು ಓದುತ್ತಿದ್ದೇನೆ. "ದನಿ ಗೊತ್ತಾದ ಕೂಡಲೇ ನಿಲ್ಲಿಸಿದೆವು." ಹಾಲ್ವಾರನ ಕೈ ಮೌಸಿನ ಮೇಲೆ ಇತ್ತಂತೆ. ಒಂದು ಗುಟುಕು ಕಾಫಿಯಷ್ಟು ಹೊತ್ತು ಕೇಳಿದ್ದರೆ ತಾಣ ಅವನದಾಗುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಹಿಟ್ಟು ಕಲಸುತ್ತಿದ್ದೆ. ನನಗೆ ಗೊತ್ತೇ ಆಗುತ್ತಿರಲಿಲ್ಲ.

ಚಿಕ್ಕಪ್ಪ


ಸ್ಕಾರ್ವಾಯ್
೨೬ ಜೂನ್

ನನ್ನ ಮಗಳೇ,

ಗೆದ್ದೆವು! ಟೇಪುಗಳು ಎಲ್ಲೂ ಹೋಗುವುದಿಲ್ಲ.

ಜಿಲ್ಲೆಯ ಅಧಿಕಾರಿ ಹೆಂಗಸು ಹಬ್ಬದ ಹಿಂದಿನ ದಿನ ಬಂದಳು. ಒಳ್ಳೆಯವಳು, ಆದರೆ ಕಣ್ಣು ಚುರುಕು. ಯಂತ್ರ ನೋಡಿದಳು, ನಕಲಿನ ಡಿಸ್ಕ್ ನೋಡಿದಳು, ಅದರ ತಂತಿಗೆ ನಾನು ಕೆಂಪು ಪಟ್ಟಿ ಸುತ್ತಿ "ವಾಫಲ್‌ಗೆ ಅಲ್ಲ" ಅಂತ ಬರೆದದ್ದನ್ನೂ ನೋಡಿದಳು, ಅದರ ಬಗ್ಗೆ ಏನೂ ಕೇಳಲಿಲ್ಲ. ಶೀರ್ಷಿಕೆಗಳನ್ನು ಓದುತ್ತಾ ನಿಂತುಬಿಟ್ಟಳು. "ಇದನ್ನು ಯಾವ ತಜ್ಞರು ಮಾಡಿದ್ದು?" ಅಂದಳು. ಊರಿನವರೆಲ್ಲ ಹಿಂದೆ ನಿಂತಿದ್ದರು. ನಾನು ಬಾಯಿ ತೆರೆದೆ, ನಿನಗೆ ಗೊತ್ತಲ್ಲ ನಾನು ಏನು ಹೇಳುತ್ತಿದ್ದೆ ಅಂತ. ಆದರೆ "ಇವರು" ಅಂತ ಬಂತು. ಯಾಕೆ ಬಂತೋ.

ಆಮೇಲೆ ಅವಳು, "ಇಲ್ಲಿ ಒಂದು ಮುಚ್ಚಿದೆ, ತೆರೆಯುವ ತಾರೀಕು ಇಲ್ಲವಲ್ಲ?" ಅಂದಳು.

ನಾನು ಕೂತು ಎಲ್ಲರ ಎದುರಿಗೆ ತಾರೀಕು ಒತ್ತಿದೆ. ಅವತ್ತಿನದೇ.

ಆಸ್ಲೌಗ್ ಮೆಲ್ಲಗೆ, "ಯೋಚನೆ ಮಾಡಿದ್ದೀಯಾ ತೊ‌ರ್ಗ್ರಿಮ್?" ಅಂದಳು. ನಾನು ಒತ್ತಿದ ಮೇಲೆ ಅಳಿಸುವವನಲ್ಲ ಅಂದೆ. ಅಪ್ಪನ ಟೇಪು ಹಾಕಿದೆ. ನಿನ್ನಜ್ಜ ಮಾತಾಡಿದರು. ಗೋಪುರ, ಸೀಳು, ಕಪ್ಪು ಬಂಡೆ, ದೀಪದ ಮನೆ, ಎಲ್ಲ ನನಗೆ ಹೇಳಿಕೊಟ್ಟ ಹಾಗೇ. ಕೊನೆಯಲ್ಲಿ, "ಚಿಕ್ಕವನಿಗೆ ಹೇಳಿ, ಅವಸರ ಮಾಡಬೇಡ ಅಂತ. ಅವನಿಗೆ ಯಾವಾಗಲೂ ಅವಸರ" ಅಂದರು. ಅದು ಇದೆ ಅಂತ ನನಗೆ ಗೊತ್ತಿರಲಿಲ್ಲ.

ಮುಗಿಯಿತು. ಹಾಲ್ವಾರ್ ಮೊದಲು ಬಾಯಿ ಬಿಟ್ಟು, "ಹೂಂ. ನಮ್ಮಪ್ಪ ಹೇಳಿದ್ದಕ್ಕಿಂತ ಸ್ವಲ್ಪ ಪಡುವಣಕ್ಕಿದೆ" ಅಂದ.

"ನಿಮ್ಮಪ್ಪ ಹೇಳಿದ್ದಾ?" ಅಂದೆ.

"ಮತ್ತೆ? ನಿಮ್ಮಪ್ಪ, ಆಮೇಲೆ ನೀನು, ಅಷ್ಟು ವರ್ಷ ದಿನಾ ಅಲ್ಲೇ ಹೋಗಿ ನಿಂತ್ರೆ ಕಾಣಲ್ವೇನೋ? ನಾವೇನು ಕಡಲಿಗೆ ಬೆನ್ನು ಹಾಕ್ಕೊಂಡು ಕೂತಿದ್ವಾ? ಊರಿಗೆಲ್ಲ ಗೊತ್ತು."

"ಗೊತ್ತಿದ್ದೂ ಒಂದು ದಿನ ಗಾಳ ಬಿಡಲಿಲ್ವಲ್ಲೋ!"

"ಅದು ನಿಮ್ದಲ್ವಾ" ಅಂದ. ಹಾಗೆ ಕೇಳಿದ್ದಕ್ಕೆ ನನ್ನ ಮೇಲೇ ಸಿಟ್ಟಾದವನ ಹಾಗೆ ಅಂದ.

ಮಗಳೇ, ನಾನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಆಸ್ಲೌಗ್ ಅದನ್ನೇ ಕಾಯುತ್ತಿದ್ದವಳ ಹಾಗೆ, "ಇನ್ಮೇಲೆ ನಿನ್ನ ಮೀನನ್ನು ಬ್ರೆಡ್ಡಿನ ಕೆಳಗೆ ಮುಚ್ಚಿ ಕೊಡ್ಬೇಕಾ, ಹಾಗೇ ಕೊಡ್ಬಹುದಾ?" ಅಂದಳು. ಚಳಿಗಾಲವೆಲ್ಲ ನಾನು ಅವಳ ಅಂಗಡಿಯಿಂದ ಮೀನು ಕೊಂಡು ತಿಂದೆ, ನಿನಗೂ ಬರೆದಿರಲಿಲ್ಲ. ಚೀಲ ತೆರೆದಾಗ ಮೇಲೆ ಯಾವಾಗಲೂ ಬ್ರೆಡ್ಡೇ ಇರುತ್ತಿತ್ತು. ನಾನು ಅದನ್ನು ನನ್ನ ಜಾಣತನ ಅಂದುಕೊಂಡಿದ್ದೆ.

ಮರುದಿನ ಹಾಲ್ವಾರ್ ತನ್ನ ದೋಣಿ ತಂದು ನನ್ನ ಮನೆಯ ಮುಂದೆ ನಿಲ್ಲಿಸಿದ. "ಹತ್ತು, ಸ್ಥಾಪಕ" ಅಂದ. ಕಡಲ ಮೇಲೆ ಅವನ ಫೋನಿನಲ್ಲಿ ಉಗ್ರಾಣ ತೆರೆದು ಅಪ್ಪನ ದನಿ ಹಾಕಿದೆ. ನಡುಗಡಲಿನಲ್ಲಿ ಬಾಗಿಲಿನವನು ಬಾಗಿಲು ತೆರೆದ ನೋಡು! ಅಪ್ಪ ಹೇಳುತ್ತಾ ಹೋದರು, ಹಾಲ್ವಾರ್ ನೋಡುತ್ತಾ ಹೋದ, ಅಪ್ಪ ನಿಲ್ಲಿಸು ಅಂದ ಕಡೆ ದೋಣಿ ನಿಲ್ಲಿಸಿದ. ಗಾಳ ನಾನೇ ಬಿಟ್ಟೆ. ಎಷ್ಟು ದೊಡ್ಡದು ಬಂತು ಅಂತ ಬರೆಯುವುದಿಲ್ಲ, ನೀನು ನಂಬುವುದಿಲ್ಲ. ಹಾಲ್ವಾರ್ ಹೇಳುವ ಅಳತೆ ಸುಳ್ಳು, ಅವನು ಅದರ ಬಾಲ ಸೇರಿಸುವುದಿಲ್ಲ.

ತಂತ್ರಾಂಶದವರ ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ ಅಂತ ನೀನು ಕಳಿಸಿದ್ದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅಕ್ಷರ ಸಣ್ಣದು, ಆದರೂ ಎಲ್ಲರಿಗೂ ಓದಿ ಹೇಳುತ್ತೇನೆ. ಅವರು ಇಷ್ಟು ಜನ ಇದ್ದಾರಲ್ಲ, ಒಬ್ಬರಾದರೂ ಈ ಕಡೆ ಬಂದರೆ ಹೇಳು. ವಾಫಲ್ ಯಂತ್ರಕ್ಕೆ ಈಗ ಬೇರೆ ಜಾಗ ಆಗಿದೆ.

ಗುಪ್ತಪದ ನೀನು ಹೇಳಿದ ಹಾಗೆ ನನ್ನ ತಲೆಯಲ್ಲೇ ಇದೆ. ಹೊಸದು. ನಿನಗೂ ಹೇಳುವುದಿಲ್ಲ. ಆದರೆ ಆ ಮೊಳೆ ಬರಿದಾಗಿ ಕಾಣುವುದು ನನಗೆ ಸಹಿಸಲಾಗಲಿಲ್ಲ. ಊರಮನೆಯ ಕೀಲಿ ಮತ್ತೆ ಅಲ್ಲಿಗೇ ಹೋಯಿತು. ಅದರ ಪಕ್ಕ ಇನ್ನೊಂದು ಕೀಲಿ ನೇತುಹಾಕಿದ್ದೇನೆ, ನಮ್ಮ ದೋಣಿಮನೆಯದು. ಇಂಜಿನ್ ಮತ್ತೆ ಜೋಡಿಸಿಟ್ಟಿದ್ದೇನೆ, ಚೆನ್ನಾಗಿದೆ. ಬೇಕಾದವರು ತೆಗೆದುಕೊಂಡು ಹೋಗಿ ಬಂದು ಮತ್ತೆ ಸಿಕ್ಕಿಸಲಿ.

ನಿನ್ನ ಚಿಕ್ಕಪ್ಪ
ತೊರ್ಗ್ರಿಮ್